ಬುದ್ಧಿ ಹಲ್ಲು ಕಿತ್ತ ಮೇಲೆ

(ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ)

ನಮ್ಮ ಮನೆಯಲ್ಲಿ ಇದಕ್ಕೆ ಅಕಲ್ ದಾಢ್ ಅನ್ನುತ್ತಾರೆ. ಕನ್ನಡದಲ್ಲಿ ಬುದ್ಧಿ ಹಲ್ಲು. ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹೆಸರಿನ ಅರ್ಥ ಅದೇ. ಸಾಮಾನ್ಯವಾಗಿ 17ರಿಂದ 25 ವರ್ಷದ ನಡುವೆ, ಬಾಯಿಯ ಕಟ್ಟಕಡೆಯ ಮೂಲೆಯಲ್ಲಿ ಇದು ಹುಟ್ಟುತ್ತದೆ. ಆ ವಯಸ್ಸಿಗೆ ಮನುಷ್ಯನಿಗೆ ಬುದ್ಧಿ ಬಂದಿರುತ್ತದೆ ಎಂದು ಹಿರಿಯರು ಲೆಕ್ಕ ಹಾಕಿ ಈ ಹೆಸರಿಟ್ಟಿರಬೇಕು. ಪಿಯುಸಿ ಓದುವ ನಮ್ಮೆಲ್ಲರ ವಯಸ್ಸೂ ಅದೇ. ಆದ್ದರಿಂದ ಇದು ನನ್ನೊಬ್ಬಳ ಕಥೆಯಾದರೂ ನಿಮ್ಮಲ್ಲಿ ಕೆಲವರಿಗಾದರೂ ಇವತ್ತಲ್ಲ ನಾಳೆ ಉಪಯೋಗಕ್ಕೆ ಬರಬಹುದು ಎಂದು ಬರೆಯುತ್ತಿದ್ದೇನೆ.

ನನಗೆ ಬಂದದ್ದು ಕೆಳದವಡೆಯ ಬಲಗಡೆಯ ಹಲ್ಲು. ಅದು ನೆಟ್ಟಗೆ ಮೇಲೆ ಬರದೆ ಮುಂದಿನ ಹಲ್ಲಿನ ಕಡೆ ವಾಲಿಕೊಂಡು ಅರ್ಧಕ್ಕೇ ನಿಂತಿತ್ತು. ಅದರ ಮೇಲೆ ಒಸಡು ಮುಚ್ಚಳದ ಹಾಗೆ ಕೂತಿತ್ತು. ಆ ಮುಚ್ಚಳದ ಕೆಳಗೆ ಅನ್ನದ ಅಗುಳು, ರೊಟ್ಟಿಯ ಚೂರು ಸಿಕ್ಕಿಕೊಳ್ಳುವುದು, ಒಸಡು ಬಾಯುವುದು, ಬಾಯಿ ತೆರೆಯಲು ಆಗದಿರುವುದು. ಒಂದೇ ವರ್ಷದಲ್ಲಿ ಎರಡು ಸಲ ಹೀಗಾಯಿತು. ಎರಡನೇ ಸಲ ಜ್ವರವೂ ಬಂತು. ನಮ್ಮ ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯದು, ಅಲ್ ಬದರ್, ಇಎಸ್‌ಐಸಿ ಹೀಗೆ ಒಂದಕ್ಕಿಂತ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ನಾವು ಹೋದದ್ದು ಯಾವುದಕ್ಕೆ ಎನ್ನುವುದು ಇಲ್ಲಿ ಮುಖ್ಯವಲ್ಲ. ಅಲ್ಲಿನ ಡಾಕ್ಟರ್ ಮೇಡಂ ಎರಡೂ ದವಡೆ ಒಟ್ಟಿಗೆ ಕಾಣುವ ದೊಡ್ಡ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ನನ್ನ ಹಲ್ಲು ಗೋಡೆಗೆ ಒರಗಿ ಮಲಗಿದವನ ಹಾಗೆ ಕಾಣುತ್ತಿತ್ತು. ಮೊದಲು ಬಾವು ಇಳಿಯಲು ಔಷಧ ಕೊಟ್ಟು, ದಸರಾ ರಜೆಯ ಒಂದು ಸೋಮವಾರಕ್ಕೆ ದಿನ ಗೊತ್ತು ಮಾಡಿದರು. ರಜೆ ಮುಗಿದ ಕೂಡಲೇ ಕಾಲೇಜಿನಲ್ಲಿ ಮಧ್ಯವಾರ್ಷಿಕ ಪರೀಕ್ಷೆ ಇತ್ತು. ನಡುವೆ ಸರಿಯಾಗಿ ಎರಡು ವಾರ. ಅಷ್ಟರಲ್ಲಿ ಎಲ್ಲ ಸರಿಹೋಗುತ್ತದೆ ಎಂದು ನಾವೆಲ್ಲ ಅಂದುಕೊಂಡೆವು.

ಕೋಟನೂರಿನ ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಲು ಒಂದು ಸಂಜೆ ಸಾಕಾಯಿತು. "ದವಡೆ ಹಲ್ಲು ಕೀಳಿಸಬ್ಯಾಡ್ರಿ, ಕಣ್ಣು ಮಂಜಾಗ್ತಾವ" ಎಂದು ಪಕ್ಕದ ಮನೆಯವರು ಅಮ್ಮಿಗೆ ಹೇಳಿ ಹೋದರು. ಅಮ್ಮಿ ರಾತ್ರಿಯೆಲ್ಲ ಚಿಂತೆ ಮಾಡಿದಳು. ನಾನು ಜೀವಶಾಸ್ತ್ರದ ಪುಸ್ತಕ ತಂದು ಅವಳ ಮುಂದೆ ಕೂತೆ. ಮೆದುಳಿನಿಂದ ಹೊರಡುವ ನರಗಳು 12 ಜೊತೆ. ಕಣ್ಣಿಗೆ ನೋಟ ಕೊಡುವುದು ಎರಡನೆಯದು. ಹಲ್ಲಿನ ನೋವನ್ನು ಒಯ್ಯುವುದು ಐದನೆಯದು. ಎರಡೂ ಬೇರೆ ಬೇರೆ ತಂತಿಗಳು. ಹಲ್ಲು ಕಿತ್ತರೆ ನೋಟ ಹೋಗುವುದಿಲ್ಲ. ಅಮ್ಮಿಗೆ ಪುಸ್ತಕ ಓದಲು ಬರುವುದಿಲ್ಲ, ಆದರೆ ಚಿತ್ರ ನೋಡಿ ಬೆರಳಿಟ್ಟು ಎರಡು ದಾರಿಗಳನ್ನೂ ಗುರುತಿಸಿದಳು. ನಿಜವಾದ ಅಪಾಯ ಬೇರೆ ಇತ್ತು. ಕೆಳದವಡೆಯ ಒಳಗೆ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಬುದ್ಧಿ ಹಲ್ಲಿನ ಬೇರು ಅದರ ಹತ್ತಿರ ಇದ್ದರೆ ತುಟಿ, ಗದ್ದ ಕೆಲ ಕಾಲ ಜೋಮು ಹಿಡಿಯಬಹುದು, ಅಪರೂಪಕ್ಕೆ ಹಾಗೇ ಉಳಿಯಲೂಬಹುದು. ಮೇಡಂ ಅದನ್ನು ಮೊದಲೇ ಹೇಳಿ, ಅಬ್ಬಾ ಅವರ ಸಹಿ ಹಾಕಿಸಿಕೊಂಡರು.

ಹಲ್ಲು ತೆಗೆಯುವಾಗ ನೋವಾಗಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಸೂಜಿ ಚುಚ್ಚಿದ್ದು ಗೊತ್ತಾಯಿತು, ಆಮೇಲೆ ಅರ್ಧ ತುಟಿ ನನ್ನದಲ್ಲ ಅನ್ನಿಸಿತು. ಒತ್ತುವುದು, ಎಳೆಯುವುದು, ಡ್ರಿಲ್ಲಿನ ಸದ್ದು ಎಲ್ಲ ತಿಳಿಯುತ್ತಿತ್ತು, ನೋವು ಮಾತ್ರ ಇಲ್ಲ. ಹಲ್ಲನ್ನು ಎರಡು ತುಂಡು ಮಾಡಿ ತೆಗೆದು ಮೂರು ಹೊಲಿಗೆ ಹಾಕಿದರು. ಮುಕ್ಕಾಲು ಗಂಟೆಯ ಕೆಲಸ. ಆ ಇಂಜೆಕ್ಷನ್ ಲಿಗ್ನೊಕೇನ್. ಅದನ್ನು 1943ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದರು. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸಾವಯವ ರಸಾಯನಶಾಸ್ತ್ರ ಒಂದು ದಿನ ಹೀಗೆ ನಮ್ಮ ದವಡೆಯಲ್ಲೇ ಬಂದು ಕೂರುತ್ತದೆ.

ಮನೆಗೆ ಹೊರಡುವಾಗ ಕನ್ನಡದಲ್ಲಿ ಮುದ್ರಿಸಿದ ಒಂದು ಚೀಟಿ ಕೊಟ್ಟರು. ಹತ್ತಿಯನ್ನು ಒಂದು ಗಂಟೆ ಕಚ್ಚಿಕೊಂಡಿರಬೇಕು. ಮೊದಲ ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಏನನ್ನೂ ಹೀರಬಾರದು, ಬಿಸಿ ಚಹಾ ಕುಡಿಯಬಾರದು. ಕೆನ್ನೆಯ ಮೇಲೆ ಐಸ್ ಇಡಬೇಕು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು, ಅದೂ ಮೆಲ್ಲಗೆ. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಹಲ್ಲು ಹೋದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಆ ಹೆಪ್ಪೇ ಗಾಯಕ್ಕೆ ಹೊದಿಕೆ. ಅದರ ಕೆಳಗೇ ಹೊಸ ಮಾಂಸ ಬೆಳೆಯಬೇಕು. ಜೋರಾಗಿ ಉಗುಳಿದರೆ, ಹೀರಿದರೆ, ಬೀಡಿ ಸಿಗರೇಟು ಸೇದಿದರೆ ಅದು ಕಿತ್ತು ಬರಬಹುದು. ಚೀಟಿಯ ಕೊನೆಯ ಸಾಲು ಹೀಗಿತ್ತು: ಮೂರು ದಿನದ ನಂತರ ನೋವು ಕಡಿಮೆಯಾಗುವ ಬದಲು ಹೆಚ್ಚಾದರೆ ತಡಮಾಡದೆ ಬನ್ನಿ. ಅವತ್ತು ಆ ಸಾಲನ್ನು ಓದಿದೆವು ಅಷ್ಟೇ, ಅದರ ತೂಕ ಯಾರಿಗೂ ಗೊತ್ತಾಗಲಿಲ್ಲ.

ಸುಮ್ಮನೆ ಮಲಗಿರಲು ಬೇಸರವಾಗಿ ನಾನೊಂದು ಕೆಲಸ ಮಾಡಿದೆ. ಭೌತಶಾಸ್ತ್ರದ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೋವಿನ ಗ್ರಾಫ್ ಹಾಕಲು ಶುರು ಮಾಡಿದೆ. ಅಡ್ಡ ಗೆರೆಯ ಮೇಲೆ ಹೊತ್ತು, ಉದ್ದ ಗೆರೆಯ ಮೇಲೆ ಸೊನ್ನೆಯಿಂದ ಹತ್ತರವರೆಗೆ ನೋವು. ದಿನಕ್ಕೆ ನಾಲ್ಕು ಸಲ ಒಂದೊಂದು ಚುಕ್ಕೆ. ಸೋಮವಾರ ರಾತ್ರಿ ಜೋಮು ಇಳಿದಾಗ 6. ಮಂಗಳವಾರ 4. ಬುಧವಾರ ಕೆನ್ನೆ ನಿಂಬೆಹಣ್ಣು ಇಟ್ಟಂತೆ ಬಾತಿತ್ತು, ಆದರೆ ನೋವು 3ಕ್ಕೆ ಇಳಿದಿತ್ತು. ಬಾವು ಎರಡನೇ ಮೂರನೇ ದಿನ ಹೆಚ್ಚಾಗುವುದು ಸಹಜ ಎಂದು ಚೀಟಿಯಲ್ಲೇ ಬರೆದಿದ್ದರಿಂದ ಯಾರೂ ಹೆದರಲಿಲ್ಲ. ಅಮ್ಮಿ ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ ತಣ್ಣಗೆ ಮಾಡಿ ಕೊಟ್ಟಳು. ಅಬ್ಬಾ ಕಮಲಾಪುರದ ಕೆಂಪು ಬಾಳೆಹಣ್ಣು ತಂದರು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ಜಿಲ್ಲೆಯ ಹಣ್ಣು ಅದು. ಚಮಚದಲ್ಲಿ ಮಸೆದು ತಿಂದರೆ ಅಗಿಯುವ ಕೆಲಸವೇ ಇಲ್ಲ.

ಗುರುವಾರ ಮಧ್ಯಾಹ್ನ ಚುಕ್ಕೆ 5ಕ್ಕೆ ಏರಿತು. ಸಂಜೆ 7. ರಾತ್ರಿ 9.

ಆ ನೋವು ಮೊದಲಿನ ನೋವಿನಂತಿರಲಿಲ್ಲ. ಮೊದಲಿನದು ಗಾಯದ ನೋವು, ಇದ್ದಲ್ಲೇ ಇರುತ್ತಿತ್ತು. ಇದು ದವಡೆಯಿಂದ ಹೊರಟು ಕಿವಿಯೊಳಗೆ ಹೊಕ್ಕು ಕಪಾಲಕ್ಕೆ ಏರುತ್ತಿತ್ತು. ನಾಡಿ ಬಡಿದಂತೆ ಒಂದೇ ಸಮನೆ ಬಡಿಯುತ್ತಿತ್ತು. ಬಾಯಲ್ಲಿ ಕೆಟ್ಟ ರುಚಿ. ಮಾತ್ರೆ ನುಂಗಿದರೆ ಒಂದು ಗಂಟೆ ಮಂಕಾಗುವುದು, ಮತ್ತೆ ಶುರು. ಮಲಗಿದರೆ ಹೆಚ್ಚು, ಎದ್ದು ಕೂತರೆ ತುಸು ಕಡಿಮೆ. ರಾತ್ರಿ ಎರಡು ಗಂಟೆಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆ. ದಾದಿಮಾ ಎದ್ದು ಬಂದು ಏನೂ ಕೇಳದೆ ಪಕ್ಕದಲ್ಲಿ ಕೂತು ಬೆಳಗಿನ ಅಜಾನ್ ಆಗುವವರೆಗೂ ನನ್ನ ಕೈ ಹಿಡಿದುಕೊಂಡಿದ್ದಳು.

ಬೆಳಿಗ್ಗೆ ಮನೆಯಲ್ಲಿ ಮಾತು ನಡೆಯಿತು. ಅಬ್ಬಾ ಒಂದು ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಕಲಬುರಗಿಯ ತೊಗರಿಬೇಳೆ ಊರೂರಿಗೆ ಹೋಗುತ್ತದೆ, ಆದರೆ ಮಿಲ್ಲಿನಲ್ಲಿ ಮೂಟೆ ಹೊರುವವರಿಗೆ ರಜೆ ಅಂದರೆ ಆ ದಿನದ ಹಾಜರಿ ಹೋಯಿತು ಎಂದೇ ಅರ್ಥ. ಸೋಮವಾರ ಒಂದು ಹಾಜರಿ ಆಗಲೇ ಹೋಗಿತ್ತು. "ಇನ್ನೆರಡು ದಿನ ನೋಡೋಣ, ಹಲ್ಲು ಕಿತ್ತಮ್ಯಾಲ ನೋವು ಇರೋದ ಸೈ" ಎಂದು ಅಮ್ಮಿ ಅಂದಳು. ಅವಳ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ನೋಡಿಕೊಳ್ಳಲು ಬಂದ ಚಾಚಿ, ತಂಬಾಕಿನ ಪುಡಿ ಒತ್ತಿದರೆ ನೋವು ಎಳೆದುಕೊಳ್ಳುತ್ತದೆ ಎಂದಳು. ನಾನು ಬಾಯಿ ಪೂರ್ತಿ ತೆರೆಯಲಾಗದೆ ಹಲ್ಲು ಕಚ್ಚಿಕೊಂಡೇ ಮಾತಾಡಬೇಕಿತ್ತು. ನೋವಿದೆ ಎಂದರೆ ಯಾರಿಗೂ ಹೊಸ ಸುದ್ದಿಯಲ್ಲ. ಆದ್ದರಿಂದ ನೋಟ್‌ಬುಕ್ ತಂದು ಅಬ್ಬಾ ಮುಂದೆ ಇಟ್ಟೆ. "ಬುಧವಾರ ಇಲ್ಲಿ ಇಳಿದಿತ್ತು, ನೋಡ್ರಿ. ಈಗ ಇಲ್ಲಿದೆ. ಇಳೀತಿಲ್ಲ, ಏರ್ತಿದೆ" ಎಂದೆ. ಆಮೇಲೆ ಚೀಟಿಯ ಕೊನೆಯ ಸಾಲನ್ನು ಓದಿದೆ.

ಅಬ್ಬಾ ಗೆರೆಯನ್ನು ಬಹಳ ಹೊತ್ತು ನೋಡಿದರು. ದಿನಾ ತೂಕದ ಚೀಟಿ ನೋಡುವವರಿಗೆ ಅಂಕಿ ಏರುವುದು ಇಳಿಯುವುದು ತಿಳಿಯುತ್ತದೆ. ಆಗ ದಾದಿಮಾ ಬಾಯಿಬಿಟ್ಟಳು. ಅವಳಿಗೆ ಹತ್ತೊಂಬತ್ತಾಗಿದ್ದಾಗ ಸಂತೆಯಲ್ಲಿ ಕೂತು ಹಲ್ಲು ಕೀಳುವವನೊಬ್ಬ ಸೂಜಿ ಔಷಧ ಏನೂ ಇಲ್ಲದೆ ಅವಳ ದವಡೆ ಹಲ್ಲು ಕಿತ್ತನಂತೆ. ಆಮೇಲೆ ಇಪ್ಪತ್ತು ದಿನ ಕಿವಿಯ ತನಕ ನೋವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೊಟ್ಟಿಗೆಗೆ ಹೋಗಿ ಅಳುತ್ತಿದ್ದಳಂತೆ, ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುತ್ತಿದ್ದಳಂತೆ. "ಸೊಸಿ ಆದಾಕಿ ಹಲ್ಲಿನ ನೋವು ಅಂತ ಹ್ಯಾಂಗ ಹೇಳೋದು? ಯಾರಿಗೂ ಹೇಳಿಲ್ಲ. ಇವತ್ತೇ ಹೇಳಾಕತ್ತೀನಿ" ಎಂದಳು. ಅಬ್ಬಾ ಎದ್ದು ಅಂಗಿ ಹಾಕಿಕೊಂಡರು. ಜೇವರ್ಗಿ ರಸ್ತೆಗೆ ಬಂದು ಆಟೋ ಹಿಡಿದೆವು. ರಾಮಮಂದಿರ ಸರ್ಕಲ್ ದಾಟುವಾಗ ರಸ್ತೆಯ ಒಂದೊಂದು ತಗ್ಗೂ ನನ್ನ ಕಿವಿಯಲ್ಲಿ ಕೇಳಿಸಿತು.

ಮೇಡಂ ಗುಳಿಯೊಳಗೆ ಒಂದು ಸಲ ನೋಡಿ ಹೆಸರು ಹೇಳಿದರು: ಡ್ರೈ ಸಾಕೆಟ್. ಅಂದರೆ ಒಣ ಗುಳಿ. ಹೆಪ್ಪುಗಟ್ಟಿದ ರಕ್ತ ಕರಗಿಯೋ ಕಿತ್ತೋ ಹೋಗಿ, ಒಳಗಿನ ಎಲುಬು ಹೊದಿಕೆಯಿಲ್ಲದೆ ಬರಿದಾಗಿರುತ್ತದೆ. ಗಾಳಿ, ನೀರು, ಅನ್ನ ಎಲ್ಲವೂ ಆ ಎಲುಬನ್ನೇ ಮುಟ್ಟುತ್ತವೆ. ಇದು ಸಾಮಾನ್ಯವಾಗಿ ಹಲ್ಲು ಕಿತ್ತ ಎರಡರಿಂದ ಐದು ದಿನದೊಳಗೆ ಶುರುವಾಗುತ್ತದೆ. ಬೇರೆ ಹಲ್ಲುಗಳಿಗಿಂತ ಕೆಳದವಡೆಯ ಬುದ್ಧಿ ಹಲ್ಲು ತೆಗೆದಾಗ ಬಹಳ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕಿವಿ ಯಾಕೆ ನೋಯುತ್ತದೆ ಎಂದು ಕೇಳಿದೆ. ಕೆಳದವಡೆಗೂ ಕಿವಿಯ ಮುಂಭಾಗಕ್ಕೂ ಹೋಗುವುದು ಅದೇ ಐದನೇ ನರದ ಒಂದೇ ಕವಲು, ನೋವು ಎಲ್ಲಿಂದ ಬಂತೆಂದು ಮೆದುಳಿಗೆ ಗೊಂದಲವಾಗುತ್ತದೆ ಎಂದರು. ಚೀಟಿಯಲ್ಲಿದ್ದುದನ್ನೆಲ್ಲ ನಾವು ಪಾಲಿಸಿದ್ದೆವಲ್ಲ ಎಂದು ಅಬ್ಬಾ ಕೇಳಿದಾಗ, "ಎಲ್ಲಾ ಸರಿಯಾಗಿ ಮಾಡಿದರೂ ಕೆಲವರಿಗೆ ಆಗ್ತದ್ರಿ. ಬಂದಿದ್ದು ಚಲೋ ಆತು" ಎಂದರು. ನನ್ನ ಗ್ರಾಫ್ ನೋಡಿ ನಕ್ಕು, ಜೊತೆಗಿದ್ದ ಕಿರಿಯ ಡಾಕ್ಟರರಿಗೂ ತೋರಿಸಿದರು. ರೋಗಿ ಹೀಗೆ ಬರೆದುಕೊಂಡು ಬಂದರೆ ಅರ್ಧ ಕೆಲಸ ಆದಂತೆ ಎಂದರು.

ಚಿಕಿತ್ಸೆ ಐದು ನಿಮಿಷದ್ದು. ಸಲೈನ್ ನೀರಿನಿಂದ ಗುಳಿ ತೊಳೆದರು, ಔಷಧ ಹಚ್ಚಿದ ಸಣ್ಣ ಪಟ್ಟಿಯನ್ನು ಒಳಗೆ ಇಟ್ಟರು. ತಕ್ಷಣ ಬಾಯಿಯ ತುಂಬ ಲವಂಗದ ವಾಸನೆ. ಆಟೋ ಕೋಟನೂರು ಮುಟ್ಟುವ ಮೊದಲೇ ನೋವು 9ರಿಂದ 3ಕ್ಕೆ ಇಳಿಯಿತು. ಅಬ್ಬಾ ಭುಜಕ್ಕೆ ಒರಗಿ ನಿದ್ದೆ ಮಾಡಿಬಿಟ್ಟಿದ್ದೆ. ಆ ಔಷಧದಲ್ಲಿರುವುದು ಯೂಜಿನಾಲ್, ಲವಂಗದ ಎಣ್ಣೆಯ ಮುಖ್ಯ ಅಂಶ. ಮನೆಯ ಮಸಾಲೆ ಡಬ್ಬಿಯಲ್ಲಿರುವುದೇ ಅಲ್ಲವೇ ಎಂದು ದಾದಿಮಾ ಖುಷಿಪಟ್ಟಳು. ಆದರೆ ಅಂಗಡಿಯ ಲವಂಗದ ಎಣ್ಣೆಯನ್ನು ನಾವೇ ನೇರವಾಗಿ ಗಾಯಕ್ಕೆ ಸುರಿಯಬಾರದು, ಒಸಡು ಸುಡುತ್ತದೆ ಎಂದು ಮೇಡಂ ಎಚ್ಚರಿಸಿದ್ದರು. ನೋವಿನ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವುದೂ ಹಾಗೆಯೇ, ಅದು ನುಂಗಲಿಕ್ಕೆ ಮಾತ್ರ. ಇನ್ನು ತಂಬಾಕು ಗಾಯ ಮಾಯುವುದನ್ನೇ ತಡೆಯುತ್ತದೆ.

ಆಮೇಲೆ ಸೋಮವಾರ ಹೊಲಿಗೆ ಬಿಚ್ಚಿ ಪಟ್ಟಿ ಬದಲಾಯಿಸಿದರು, ಬುಧವಾರ ಇನ್ನೊಮ್ಮೆ. ಅಷ್ಟಕ್ಕೆ ಬಡಿಯುವ ನೋವು ನಿಂತಿತು. ನಿಂತಿತು ಎಂದರೆ ಮುಗಿಯಿತು ಎಂದಲ್ಲ. ದವಡೆ ಬಿಗಿದುಕೊಂಡಿತ್ತು, ಬಾಯೊಳಗೆ ಒಂದೂವರೆ ಬೆರಳು ಮಾತ್ರ ಹೋಗುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಮೆಲ್ಲಗೆ ಬಾಯಿ ತೆರೆದು ಮುಚ್ಚುವ ವ್ಯಾಯಾಮ ಮಾಡಿದೆ. ಊಟವಾದ ಮೇಲೆ ಸೂಜಿ ಇಲ್ಲದ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಗುಳಿ ತೊಳೆಯಬೇಕಿತ್ತು. ಪರೀಕ್ಷೆಯ ದಿನ ನೋವು 2. ಬರೆದೆ. ಗಣಿತದಲ್ಲಿ ಅಂಕ ಕಡಿಮೆ ಬಂತು, ಜೀವಶಾಸ್ತ್ರದಲ್ಲಿ ನರಮಂಡಲದ ಪ್ರಶ್ನೆ ಬಂದಿದ್ದರಿಂದ ಸ್ವಲ್ಪ ಸರಿದೂಗಿತು. "ಒಂದು ಹಲ್ಲಿಗೆ ಇಷ್ಟೆಲ್ಲಾನಾ?" ಎಂದು ಗೆಳತಿಯೊಬ್ಬಳು ಕೇಳಿದಳು. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಬಾಯಿಯ ಗಾಯ ಹೊರಗಿನಿಂದ ಕಾಣುವುದಿಲ್ಲ, ಕೆನ್ನೆಯ ಬಾವು ಇಳಿದ ಮೇಲಂತೂ ಸಾಕ್ಷಿಯೇ ಇಲ್ಲ.

ಗುಳಿಯ ಮೇಲೆ ಒಸಡು ಕೂಡಿಕೊಳ್ಳಲು ಸುಮಾರು ಆರು ವಾರ ಬೇಕಾಯಿತು. ಒಳಗೆ ಎಲುಬು ತುಂಬಲು ಇನ್ನೂ ತಿಂಗಳುಗಳು ಬೇಕಂತೆ. ಗುಳಿ ಮೇಲಿನಿಂದ ಮುಚ್ಚಿಕೊಳ್ಳುವುದಿಲ್ಲ, ತಳದಿಂದ ತುಂಬುತ್ತಾ ಬರುತ್ತದೆ. ಹಾಗಾಗಿ ದಿನಾ ಕನ್ನಡಿ ಹಿಡಿದು ನೋಡಿದರೂ ಏನೂ ಬದಲಾದಂತೆ ಕಾಣುವುದಿಲ್ಲ. ನನಗೆ ಗೊತ್ತಾದದ್ದು ಬೇರೆ ರೀತಿ. ಒಂದು ಶುಕ್ರವಾರ ಖಡಕ್ ರೊಟ್ಟಿಯ ಚೂರನ್ನು ಬಲಗಡೆಯೇ ಅಗಿಯುತ್ತಿದ್ದೆ, ಅರ್ಧ ರೊಟ್ಟಿ ಮುಗಿದ ಮೇಲೆ ಅದು ಗಮನಕ್ಕೆ ಬಂತು.

ದಾದಿಮಾಳ ಸಂತೆಯ ಹಲ್ಲಿನ ಕಥೆ ಕೇಳಿದ ಮೇಲೆ ಅಬುಲ್ ಕಾಸಿಮ್ ಅಲ್ ಜಹ್ರಾವಿ ಅವರ ಬಗ್ಗೆ ಓದಿದೆ. ಅವರು ಸ್ಪೇನಿನ ಕಾರ್ಡೋಬಾದ ವೈದ್ಯರು, 1013ರಲ್ಲಿ ತೀರಿಕೊಂಡರು. ಅವರ ಕಿತಾಬುಲ್ ತಸ್ರೀಫ್ ಎಂಬ ಗ್ರಂಥಕ್ಕೆ 30 ಭಾಗಗಳು, ಕೊನೆಯದು ಶಸ್ತ್ರಚಿಕಿತ್ಸೆಯದು. ಅದರಲ್ಲಿ ಹಲ್ಲು ಕೀಳುವ ಇಕ್ಕಳಗಳ ಚಿತ್ರಗಳಿವೆ. ಹಲ್ಲನ್ನು ಉಳಿಸಲು ಮೊದಲು ಎಲ್ಲ ಪ್ರಯತ್ನ ಮಾಡಬೇಕು, ನೋಯುತ್ತಿರುವುದು ಯಾವ ಹಲ್ಲೆಂದು ಖಚಿತಪಡಿಸಿಕೊಳ್ಳಬೇಕು, ಅವಸರದಲ್ಲಿ ಎಳೆದು ಬೇರು ಮುರಿಯಬಾರದು ಎಂದು ಅವರು ತಿಳಿಸುತ್ತಾರೆ. ಏನೂ ತಿಳಿಯದ ಕ್ಷೌರಿಕರು ಹಲ್ಲು ಕಿತ್ತು ಮಾಡುವ ಅನಾಹುತದ ಬಗ್ಗೆಯೂ ಎಚ್ಚರಿಸುತ್ತಾರೆ. ಸಾವಿರ ವರ್ಷದ ಹಿಂದೆಯೇ ಇದೆಲ್ಲ ಬರೆದಿಟ್ಟಿದ್ದರೂ ಅದು ನಮ್ಮ ದಾದಿಮಾಳ ಸಂತೆಯನ್ನು ಮುಟ್ಟಿರಲಿಲ್ಲ.

ಎಲ್ಲರೂ ಬುದ್ಧಿ ಹಲ್ಲು ತೆಗೆಸಬೇಕು ಎಂದು ಇದರ ಅರ್ಥವಲ್ಲ. ನೆಟ್ಟಗೆ ಬಂದು, ಬ್ರಷ್ ಮುಟ್ಟುವಂತಿದ್ದು, ತೊಂದರೆ ಕೊಡದಿದ್ದರೆ ಅದು ಇರಲಿ. ರೋಗವಿಲ್ಲದ ಬುದ್ಧಿ ಹಲ್ಲನ್ನು ಮುಂಜಾಗ್ರತೆ ಎಂದು ತೆಗೆಯುವುದು ಬೇಡ ಎಂದು ಬ್ರಿಟನ್ನಿನಲ್ಲಿ 2000ರಲ್ಲೇ ಸರ್ಕಾರಿ ಮಾರ್ಗಸೂಚಿ ಬಂದಿದೆ. ನನ್ನ ಎಡಗಡೆಯ ಹಲ್ಲು ನೆಟ್ಟಗಿದೆ, ಅದನ್ನು ಮುಟ್ಟುವುದಿಲ್ಲ ಎಂದು ಮೇಡಂ ಹೇಳಿದ್ದಾರೆ. ಕೆಲವರಿಗೆ ಬುದ್ಧಿ ಹಲ್ಲು ಹುಟ್ಟುವುದೇ ಇಲ್ಲ, ಅವರ ಬುದ್ಧಿಗೇನೂ ಕೊರತೆಯಿಲ್ಲ.

ತೆಗೆಸಬೇಕಾಗಿ ಬಂದವರಿಗೆ ನಾನು ಹೇಳುವುದು ಇಷ್ಟು. ನೋವಿದೆ ಎಂದು ಹೇಳಿ ಸುಮ್ಮನಾಗಬೇಡಿ. ಅದು ನಿನ್ನೆಗಿಂತ ಇಳಿದಿದೆಯೋ ಏರಿದೆಯೋ ಹೇಳಿ. ಇಳಿಯುತ್ತಿರುವ ನೋವನ್ನು ತಾಳಿಕೊಳ್ಳಬಹುದು, ಅದಕ್ಕೆ ಸಬರ್ ಬೇಕು. ಮೂರನೆಯ ದಿನ ಏರುವ ನೋವಿಗೆ ಸಬರ್ ಮದ್ದಲ್ಲ, ಅದಕ್ಕೆ ಡಾಕ್ಟರ್ ಬೇಕು. ಜ್ವರ ಬಂದರೆ, ನುಂಗಲು ಉಸಿರಾಡಲು ಕಷ್ಟವಾದರೆ, ರಕ್ತ ನಿಲ್ಲದಿದ್ದರೆ ಮೂರನೇ ದಿನದವರೆಗೂ ಕಾಯಬೇಡಿ. ಮನೆಯಲ್ಲಿ ದುಡ್ಡಿನ ಕಷ್ಟ ಇದ್ದರೂ ಹೇಳಿ. ನಮ್ಮ ಮನೆಯಲ್ಲಿ ಹೋದದ್ದು ಇನ್ನೊಂದು ಹಾಜರಿ. ಹೇಳದೆ ಇದ್ದಿದ್ದರೆ ದಾದಿಮಾಳಂತೆ ಇಪ್ಪತ್ತು ದಿನ, ಜೊತೆಗೆ ಪರೀಕ್ಷೆ.

ಇನ್ನೊಂದು ಸುದ್ದಿ. ಕಳೆದ ತಿಂಗಳು ದಾದಿಮಾ ತನಗೂ ಎಡಗಡೆಯ ಒಂದು ಹಲ್ಲು ಎರಡು ವರ್ಷದಿಂದ ನೋಯುತ್ತಿದೆ ಎಂದು ಅಮ್ಮಿಗೆ ಹೇಳಿದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೇ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರುವ ಮೊದಲು ಅವಳು ಮೇಡಂಗೆ ಕೇಳಿದ ಮೊದಲ ಪ್ರಶ್ನೆ, ಸೂಜಿ ಹಾಕುತ್ತೀರಲ್ಲ ಎಂದು. ಹಾಕುತ್ತೇವೆ, ಆದರೆ ಕೀಳುವುದು ಬೇಕಿಲ್ಲ, ತುಂಬಿಸಿದರೆ ಸಾಕು ಎಂದರು ಮೇಡಂ. ಬರುವ ಗುರುವಾರ ಎರಡನೇ ಭೇಟಿ ಇದೆ. ನನ್ನ ರಫ್ ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ಈಗ ಅವಳ ಚುಕ್ಕೆಗಳಿವೆ, ಅವಳು ಬೆರಳೆತ್ತಿ ತೋರಿಸುತ್ತಾಳೆ, ನಾನು ಗುರುತು ಹಾಕುತ್ತೇನೆ. ನಿನ್ನೆ ರಾತ್ರಿ ತೋರಿಸಿದ್ದು ಎರಡು ಬೆರಳು.